ವಾರಕ್ಕೆ ಕೊಟ್ಟ ಯಂತ್ರ

ಆ ಮಧ್ಯಾಹ್ನದ ವಿಡಿಯೋಗಳು ಎರಡಿವೆ. ಒಂದನ್ನು ಬಹಳ ಜನ ನೋಡಿದ್ದಾರೆ. ಅದರಲ್ಲಿ ಭತ್ತ ಒಣಗಿಸುವ ಯಂತ್ರದ ಮೇಲೆ ನಿಂತ ಹೆಂಗಸೊಬ್ಬರು ಕೈ ಬೀಸಿ ನಗುತ್ತಾರೆ, ಅವರ ಕಾಲ ಬಳಿ ಬೆಳ್ಳಗೆ ಆವಿ ಏಳುತ್ತದೆ, ಕೆಳಗೆ 'ಹಳ್ಳಿಯ ಮಹಿಳೆ, ಹೊಸ ಶಕ್ತಿ' ಎಂಬ ಬರಹ. ಇನ್ನೊಂದು ನನ್ನ ಫೋನಿನಲ್ಲಿದೆ. ಅದೂ ಇದೇ ವಿಡಿಯೋ, ಆದರೆ ನಗುವಿನ ಹತ್ತಿರ ಮುಗಿಯುವುದಿಲ್ಲ. ತೆಗೆದವನು ನಾನೇ. ಈಗಲೂ ಹಾಕಿಕೊಂಡು ನೋಡುತ್ತೇನೆ, ಬಸ್ಸಿನಲ್ಲಿ, ಊಟದ ತಟ್ಟೆ ಮುಂದೆ ಇಟ್ಟುಕೊಂಡು. ಈ ಸಲವಾದರೂ ಅವರು ಬೇಗ ಇಳಿದಾರು ಎಂದು ಪ್ರತಿ ಸಲ ಕಾಯುತ್ತೇನೆ.

ಯಂತ್ರ ನನ್ನ ಗೆಳತಿಯದು. ನಾವಿಬ್ಬರೂ ಮೈಸೂರಿನಲ್ಲಿ ಒಟ್ಟಿಗೆ ಎಂಜಿನಿಯರಿಂಗ್ ಓದಿದವರು. ನಾನು ನಂಜನಗೂಡಿನ ಹೆಮ್ಮರಗಾಲದ ಕಡೆಯವನು, ಅವಳು ತಿ. ನರಸೀಪುರದ ನಾಲೆ ಬಯಲಿನವಳು. ಕೊಯ್ಲಿನ ಹೊತ್ತಿಗೆ ಮೋಡ ಕವಿದರೆ ಆ ಬಯಲಿನ ಭತ್ತವೆಲ್ಲ ಟಾರು ರಸ್ತೆಗೆ ಬರುತ್ತದೆ. ಅರ್ಧ ರಸ್ತೆ ಭತ್ತಕ್ಕೆ, ಅರ್ಧ ರಸ್ತೆ ಬಸ್ಸಿಗೆ. ಅದನ್ನು ನೋಡಿ ಬೆಳೆದವಳು, ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಕಣದಿಂದ ಕಣಕ್ಕೆ ಹೋಗುವ ಒಣಗಿಸುವ ಯಂತ್ರವೊಂದನ್ನು ನಂಜನಗೂಡಿನ ಬಾಡಿಗೆ ಶೆಡ್ಡಿನಲ್ಲಿ ಕಟ್ಟಿದಳು. ಒಂದು ಬದಿಗೆ ಹೊಟ್ಟು ಉರಿಯುವ ಒಲೆ, ನಡುವೆ ದೊಡ್ಡ ಫ್ಯಾನು, ಇನ್ನೊಂದು ಬದಿಗೆ ಭತ್ತ ತುಂಬುವ ಕಬ್ಬಿಣದ ಪೆಟ್ಟಿಗೆ. ಟ್ರ್ಯಾಕ್ಟರಿನ ಎಂಜಿನ್ನಿನಿಂದಲೇ ತಿರುಗುವ ಫ್ಯಾನು ಬಿಸಿಗಾಳಿಯನ್ನು ಪೆಟ್ಟಿಗೆಗೆ ನೂಕುತ್ತದೆ. ಪೆಟ್ಟಿಗೆಯ ಮೇಲಂಚಿಗೆ ಒಂದು ಅಟ್ಟಣೆ. ಅಲ್ಲಿ ಒಬ್ಬರು ನಿಂತು ಭತ್ತವನ್ನು ಕೆದಕುತ್ತಿರಬೇಕು. ಅಲ್ಲಿ ನಿಲ್ಲುತ್ತಿದ್ದವರು ಅವಳ ಚಿಕ್ಕವ್ವ, ಅವ್ವ ಹೋದ ಮೇಲೆ ಅವಳನ್ನು ಸಾಕಿದವರು. ನಾನು ಆ ಕಂಪನಿಯ ಮೊದಲ ನೌಕರ. ಕಂಪನಿ ಎನ್ನುವುದು ದೊಡ್ಡ ಮಾತಾಯಿತು. ಮೂರು ಜನ, ಒಂದು ಶೆಡ್ಡು.

ಒಂದು ತೊಡಕು ಉಳಿದಿತ್ತು. ಹೊಟ್ಟು ಉರಿದರೆ ಕಿಡಿ ಹಾರುತ್ತದೆ. ಆ ಕಿಡಿ ಫ್ಯಾನು ದಾಟಿ ಭತ್ತದ ಹುಲ್ಲಿನ ಚೂರಿಗೆ ತಗಲಿದರೆ ಪೆಟ್ಟಿಗೆಯೇ ಒಲೆಯಾಗುತ್ತದೆ. ಅದಕ್ಕೆ ಅವಳು ಸಣ್ಣ ಕಣ್ಣಿನ ಜಾಲರಿಯೊಂದನ್ನು ಅಡ್ಡ ಹಾಕಿದ್ದಳು. ಜಾಲರಿ ಕಿಡಿಯನ್ನು ತಡೆಯುತ್ತಿತ್ತು, ಗಾಳಿಯನ್ನೂ ಅರ್ಧ ತಡೆಯುತ್ತಿತ್ತು. ಹಾಗಾಗಿ ಭತ್ತ ನಿಧಾನ ಒಣಗುತ್ತಿತ್ತು. ಗಾಳಿ ಬಿಟ್ಟು ಕಿಡಿಯನ್ನಷ್ಟೇ ಹಿಡಿಯುವ ಹೊಸ ಕೊಳವೆಯೊಂದನ್ನು ಮಾಡಲು ಅವಳಿಗೆ ಇನ್ನೊಂದು ಸುಗ್ಗಿಯಷ್ಟು ಕಾಲ ಬೇಕಿತ್ತು, ಅದಕ್ಕೆ ಹಣ ಬೇಕಿತ್ತು.

ಹಣ ಕೊಡುತ್ತೇವೆಂದು ಬಂದವರು ಇಬ್ಬರು.

ಮೊದಲನೆಯವರು ನರಸೀಪುರದಲ್ಲಿ ಅಕ್ಕಿ ಗಿರಣಿ ಇಟ್ಟುಕೊಂಡವರು. ಹಣೆ ತುಂಬ ವಿಭೂತಿ, ಮಠಕ್ಕೆ ನಡೆದುಕೊಳ್ಳುವ ಮನೆತನ. ಯಂತ್ರವನ್ನು ಸುತ್ತ ನೋಡಿ, ಒಲೆಯೊಳಗೆ ಕತ್ತು ತೂರಿಸಿ, "ಮೇಲ್ ನಿಂತೋರು ಯಾವ್ ಕಡೆಯಿಂದ ಇಳೀತಾರೆ?" ಎಂದು ಕೇಳಿದರು. ಏಣಿ ಒಲೆಯ ಬದಿಗಿತ್ತು. "ಆ ಕಡೆಗ್ ಹಾಕವ್ವ," ಎಂದರು. ಅವಳು ಮರುದಿನವೇ ಆ ಕಡೆಗೆ ಹಾಕಿದಳು. ಒಂದು ಸುಗ್ಗಿ ನನ್ನ ಭತ್ತವನ್ನೇ ಒಣಗಿಸಿ, ಆಮೇಲೆ ಕೊಡುವುದನ್ನು ಕೊಡುತ್ತೇನೆ, ಅವಸರವಿಲ್ಲ ಎಂದರು.

ಮಾತು ಮುಗಿಸಲು ನಾವಿಬ್ಬರೂ ಅವರ ಗಿರಣಿಗೆ ಹೋದೆವು. ಕಾಫಿ ಬಂತು. ಅವರಿಗೂ ನನಗೂ ಸ್ಟೀಲ್ ಲೋಟ, ಅವಳಿಗೆ ಕಾಗದದ ಕಪ್ಪು.

"ನಂಗೂ ಅದನ್ನೇ ಕೊಡಿ," ಎಂದು ನಾನು ಕಪ್ಪಿನ ಕಡೆ ಕೈ ಮಾಡಿದೆ.

"ಅಯ್, ಕುಡೀರಿ, ನೀವು ನಮ್ಮೋರಲ್ವಾ," ಎಂದು ಅವರು ನಕ್ಕರು. ಅದು ಬೈಗುಳ ಎಂದು ಅವರಿಗೆ ತಿಳಿದೇ ಇರಲಿಲ್ಲ. ಗೆಳತಿ ಕಾಫಿಯನ್ನು ಮುಟ್ಟದೆ ಎದ್ದಳು. ಹೊರಗೆ ಬಂದು ಸ್ಕೂಟರಿನ ಸೀಟನ್ನು ಎರಡು ಸಲ ಒರೆಸಿದಳು, ಧೂಳಿಲ್ಲದಿದ್ದರೂ. "ಈ ಮನುಷ್ಯನ ದುಡ್ಡಲ್ಲಿ ನಾನು ಮೆಷಿನ್ ಕಟ್ಟಲ್ಲ ಕಣೋ," ಎಂದಳು. ನಾನು ತಪ್ಪು ಅನ್ನಲಿಲ್ಲ. ಇವತ್ತೂ ಅನ್ನುವುದಿಲ್ಲ.

ಎರಡನೆಯವರು ಬೆಂಗಳೂರಿನ ಹೂಡಿಕೆದಾರರು. ನೇರ ಅವಳ ಮನೆಗೆ ಬಂದರು. ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಕೈ ಮುಗಿದರು. ನೆಲದ ಮೇಲೆ ಕೂತು ಚಿಕ್ಕವ್ವ ಬಡಿಸಿದ ಮುದ್ದೆ, ಮಸ್ಸಪ್ಪು ಉಂಡು ಇನ್ನೊಂದು ಸಲ ಬಡಿಸಿಕೊಂಡರು. ಚಿಕ್ಕವ್ವ ಅಲ್ಲೇ ಸೋತರು. "ಉಣ್ಣೋನ್ ನೋಡಿದ್ರೆ ಗೊತ್ತಾಯ್ತದೆ ಕಣವ್ವ, ಒಳ್ಳೇ ವಂಸ," ಎಂದು ಒಳಗೆ ಹೋಗಿ ಹೇಳಿದರು. ಯಂತ್ರ ನೋಡಲು ಅವರು ನಂಜನಗೂಡಿನ ಶೆಡ್ಡಿಗೂ ಬಂದರು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಒಲೆಯೊಳಗೆ ನೋಡಲಿಲ್ಲ. ನಾನು ಅದನ್ನು ಗೆಳತಿಗೆ ಹೇಳಿದೆ. "ಅವರೇನು ಗಿರಣಿಯವರಾ, ನೋಡಕ್ಕೆ?" ಎಂದಳು.

ಆವತ್ತು ಅವಳು ಅವರಿಗೆ ಹೇಳಿದ ಒಂದು ಮಾತು ನನಗೆ ಸರಿಯಾಗಿ ನೆನಪಿದೆ. "ನಮ್ಮ ಕಡೆ ಇದನ್ನ ವಾರ ಅಂತೀವಿ ಸಾರ್. ವಾರಕ್ಕೆ ಅಂತ್ಲೇ ಇಟ್ಕೊಳೋಣ."

"ವಾರಕ್ಕೆ, ಸೂಪರ್! ಹಂಗೇ ಆಗ್ಲಿ," ಎಂದು ಅವರು ಕೈ ಕುಲುಕಿದರು.

ನಮ್ಮ ಸೀಮೆಯಲ್ಲಿ ವಾರಕ್ಕೆ ಮಾಡುವುದೆಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ನೆಲ ಒಬ್ಬರದು, ದುಡಿಮೆ ಇನ್ನೊಬ್ಬರದು, ಬೆಳೆಯಲ್ಲಿ ಅರ್ಧ ಅರ್ಧ. ಆದರೆ ನೆಲ ಕೊಟ್ಟವನು ಏರು ಕಟ್ಟುವ ದಿನ ಹೇಳುವುದಿಲ್ಲ, ನೇಗಿಲಿಗೆ ಕೈ ಹಾಕುವುದಿಲ್ಲ. ಅವಳ ಅಪ್ಪ ಹಾಗೇ ಬಾಳಿದವರು. ಹೂಡಿಕೆಯನ್ನು ಅವಳು ಹಾಗೇ ಅರ್ಥ ಮಾಡಿಕೊಂಡಳು. ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ್ದಳು, ಒಪ್ಪಂದದ ಇಂಗ್ಲಿಷು ಓದಲು ಬರುತ್ತಿತ್ತು, ಓದಿಯೂ ಇದ್ದಳು. ನಿರ್ದೇಶಕರ ಮೂರು ಕುರ್ಚಿಯಲ್ಲಿ ಎರಡು ಅವರ ಕಡೆಯವು ಎಂದಿತ್ತು. "ಅದು ಸುಮ್ನೆ ಹೆಸರಿಗೆ," ಎಂದರು ಅವರು. ವಾರದ ಮಾತು ಆಗಿದೆಯಲ್ಲ, ಇನ್ನು ಕುರ್ಚಿ ಯಾರದ್ದಾದರೇನು ಎಂದುಕೊಂಡಳು ಅವಳು. ಓದು ಒಂದು ಕಡೆ ಇತ್ತು, ನಂಬಿಕೆ ಅಪ್ಪನ ಗದ್ದೆಯಲ್ಲಿತ್ತು.

ಅಲ್ಲಿಂದಾಚೆಗೆ ಪ್ರತಿ ಸೋಮವಾರ ಅವರ ಆಫೀಸಿನಿಂದ ಫೋನು. ಈ ವಾರ ಏನಾಯಿತು, ಎಷ್ಟು ಕಣಕ್ಕೆ ಹೋದಿರಿ, ಯಾಕೆ ಇಷ್ಟು ನಿಧಾನ? ನಮಗದು ದೊಡ್ಡ ಊರಿನವರ ಚಾಳಿ ಎನ್ನಿಸುತ್ತಿತ್ತು. "ವಾರಕ್ ಕೊಟ್ಟೋನು ಗದ್ದೆ ಬದೀಲೇ ಕೂತವ್ನೆ," ಎಂದು ಚಿಕ್ಕವ್ವ ನಗಾಡುತ್ತಿದ್ದರು.

ಕೊಯ್ಲು ಬಂತು. ಹೂಡಿಕೆದಾರರು ಹಣವಂತ ಅತಿಥಿಗಳನ್ನು ಕರೆತರುತ್ತೇನೆಂದರು, ನರಸೀಪುರದ ಹತ್ತಿರದ ಒಂದು ಕಣಕ್ಕೆ. ಬೆಳಿಗ್ಗೆ ಹಸಿ ಭತ್ತ ಹಾಕಿದೆವು, ಯಂತ್ರ ತನ್ನ ಪಾಡಿಗೆ ಓಡುತ್ತಿತ್ತು. ಅತಿಥಿಗಳು ಎಳನೀರು ಕುಡಿದು ಗಡಿಯಾರ ನೋಡತೊಡಗಿದರು. ಹೂಡಿಕೆದಾರರು ತಮ್ಮ ತಂತ್ರಜ್ಞನನ್ನು ಕರೆದು ಕೇಳಿದರು, "ಯಾಕಿಷ್ಟು ಸ್ಲೋ?" ಅವನು ಜಾಲರಿ ತೋರಿಸಿದ.

"ತೆಗೀರಿ ಅದನ್ನ."

"ಬೇಡ ಸಾರ್, ಕಿಡಿ ಬರುತ್ತೆ," ಎಂದಳು ಗೆಳತಿ.

"ಹತ್ತು ನಿಮಿಷ ಅಷ್ಟೇ."

"ಹತ್ತು ನಿಮಿಷಕ್ಕೂ ಕಿಡಿ ಕಿಡೀನೇ ಸಾರ್."

ಅವರು ನಗುತ್ತಲೇ, ಅತಿಥಿಗಳಿಗೆ ಕೇಳುವಷ್ಟು ಜೋರಾಗಿ ಹೇಳಿದರು, "ನಮ್ಮ ಫೌಂಡರ್‌ಗೆ ಸ್ವಲ್ಪ ಧೈರ್ಯ ಕಮ್ಮಿ. ಎರಡನೇ ಕಂತು ಬಂದ್ಮೇಲೆ ಧೈರ್ಯ ಬರುತ್ತೆ." ಅತಿಥಿಗಳು ನಕ್ಕರು. ಅವಳು ಒಲೆಗೆ ಅಡ್ಡ ನಿಂತಳು. ತಂತ್ರಜ್ಞ ಹಿಂದಿನಿಂದ ಹೋಗಿ ಓಡುವ ಯಂತ್ರದ ಜಾಲರಿಯ ನಟ್ಟು ಬಿಚ್ಚಿದ. ಹೂಡಿಕೆದಾರರು ನನಗೆ, "ನೀವು ವಿಡಿಯೋ ತೆಗೀರಿ, ಇದೇ ಮೊಮೆಂಟು," ಎಂದರು. ಫೋನು ಎತ್ತಿದಾಗ ನಟ್ಟು ಬಿಚ್ಚಿದ್ದು ನನಗೆ ಗೊತ್ತಿರಲಿಲ್ಲ. ಅಟ್ಟಣೆಯ ಮೇಲಿದ್ದ ಚಿಕ್ಕವ್ವನಿಗಂತೂ ಯಾರೂ ಏನೂ ಹೇಳಿರಲಿಲ್ಲ.

ವಿಡಿಯೋದಲ್ಲಿ ಮುಂದಿನದೆಲ್ಲ ಇದೆ. ಜಾಲರಿ ನೆಲದ ಮೇಲೆ ಬಿದ್ದಿದ್ದನ್ನು ಕಂಡ ಗೆಳತಿ ಹಿಂದಕ್ಕೆ ಓಡಿಬಂದು ಎರಡೂ ಕೈಯೆತ್ತಿ ಬೀಸುತ್ತಾಳೆ. ಬಾಯಿ ತೆರೆಯುವುದು ಕಾಣುತ್ತದೆ, ಟ್ರ್ಯಾಕ್ಟರಿನ ಸದ್ದಿಗೆ ಮಾತು ಕೇಳುವುದಿಲ್ಲ. ಇಳಿ ಎನ್ನುತ್ತಿದ್ದಾಳೆ. ಚಿಕ್ಕವ್ವ ಅದನ್ನು ಕ್ಯಾಮೆರಾಕ್ಕೆ ಕೈ ಬೀಸು ಎಂದು ತಿಳಿದು, ಸೆರಗು ಸರಿಮಾಡಿಕೊಂಡು, ನಮ್ಮ ಕಡೆ ತಿರುಗಿ, ಕೈ ಬೀಸಿ ನಗುತ್ತಾರೆ. ಅವರ ಕಾಲ ಬಳಿ ಬೆಳ್ಳಗೆ ಏಳುತ್ತದೆ. ನನ್ನ ಭುಜದ ಪಕ್ಕದಿಂದ ಹೂಡಿಕೆದಾರರ ದನಿ, "ನೋಡಿ, ಸ್ಟೀಮ್ ನೋಡಿ! ಬ್ಯೂಟಿಫುಲ್!"

ಅದು ಆವಿಯಲ್ಲ, ಹೊಗೆ.

ಮುಂದೆ ಚಿತ್ರ ತಲೆಕೆಳಗಾಗುತ್ತದೆ, ಫೋನು ಕೈಯಿಂದ ಬಿದ್ದು ಹುಲ್ಲು ಕಾಣುತ್ತದೆ, ಶಬ್ದ ಮಾತ್ರ ಉಳಿಯುತ್ತದೆ. ಟ್ರ್ಯಾಕ್ಟರಿನವನು ಟೀಗೆ ಹೋಗಿದ್ದ. ನಾನು ಓಡಿ ಎಂಜಿನ್ ನಿಲ್ಲಿಸುವ ಗುಂಡಿಯನ್ನು ಎಳೆದೆ. ಎಲ್ಲಿದೆ ಎಂದು ಹುಡುಕಿದ ಆ ಹೊತ್ತು ನನ್ನ ಮೈಯಿಂದ ಇನ್ನೂ ಹೋಗಿಲ್ಲ, ಸೀಟಿನ ಕೆಳಗೆ ಕೈ ಆಡಿಸುವುದು ಕನಸಿನಲ್ಲೂ ಬರುತ್ತದೆ. ಫ್ಯಾನು ನಿಂತಿತು. ಬೆಂಕಿ ಪೆಟ್ಟಿಗೆಯೊಳಗೆ ಒಂದು ಸಲ ನಾಲಿಗೆ ಚಾಚಿ ಕುಗ್ಗಿತು. ಚಿಕ್ಕವ್ವ ಏಣಿಯ ಕಡೆ ಬರಲಾಗದೆ ಹುಲ್ಲಿನ ಮೆದೆಯ ಮೇಲೆ ಹಾರಿದ್ದರು. ಮೊಣಕೈವರೆಗೆ ಚರ್ಮ ಸುಟ್ಟಿತ್ತು, ಕಾಲಿನ ಗಂಟು ಮುರಿದಿತ್ತು. "ಏನಿಲ್ಲ ಬುಡಿ, ಒಗೆ ಕುಡ್ದೆ ಅಷ್ಟೇಯ," ಎನ್ನುತ್ತಿದ್ದರು. ಹಲ್ಲು ಕಟಕಟ ಎನ್ನುತ್ತಿತ್ತು. ಅವರನ್ನು ಕಾರಿಗೆ ಹತ್ತಿಸುವಾಗ ಅತಿಥಿಗಳಲ್ಲೊಬ್ಬರು ಸೀಟಿಗೆ ಪ್ಲಾಸ್ಟಿಕ್ ಹಾಸಲು ಹೇಳಿದರು.

ಸಂಜೆ ಹೂಡಿಕೆದಾರರು ವಿಡಿಯೋ ಕಳಿಸಿ ಎಂದರು. ವಿಮೆಗೆ ಬೇಕಾದೀತು ಎಂದು ನಾನು ಕಳಿಸಿದೆ. ಎರಡು ದಿನದ ಮೇಲೆ ಅದು ಎಲ್ಲರ ಫೋನಿನಲ್ಲೂ ಇತ್ತು, ನಗುವಿನ ಹತ್ತಿರ ಕತ್ತರಿಸಿ. ಚಿಕ್ಕವ್ವನಿಗೆ ಪಕ್ಕದ ಮನೆಯವರು ತೋರಿಸಿದರಂತೆ. ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ನನ್ನನ್ನು ಕೇಳಿದರು, "ನಾನ್ ಚೆನ್ನಾಗ್ ಬಂದಿವ್ನಿ, ಅಲ್ವಾ ಸಾ?" ನನಗೆ ಸಾ ಎನ್ನಬೇಡಿ ಎಂದು ಎಷ್ಟೋ ಸಲ ಹೇಳಿದ್ದೆ. ಅವತ್ತು ಹೂಂ ಎಂದು ದಿಂಬು ಸರಿಮಾಡಿದೆ.

ಅದರ ಮರುದಿನ ಹೂಡಿಕೆದಾರರು ಶೆಡ್ಡಿಗೆ ಬಂದರು. ಹಣ್ಣಿನ ಬುಟ್ಟಿ ತಂದಿದ್ದರು. ವಿಡಿಯೋ ನೋಡಿ ಮಂಡ್ಯದ ಕಡೆಯಿಂದ ಬೇಡಿಕೆ ಬಂದಿದೆ, ಯಂತ್ರ ಬರುವ ವಾರ ಅಲ್ಲಿಗೆ ಹೋಗಬೇಕು, ಜಾಲರಿ ಇಲ್ಲದೆ, ಎಂದರು.

"ಹೊಸ ಕೊಳವೆ ಆಗೋವರೆಗೂ ಯಾರನ್ನೂ ಮೇಲೆ ಹತ್ತಿಸಲ್ಲ ಸಾರ್," ಎಂದಳು ಗೆಳತಿ.

"ಯಾರ ಜೀವಕ್ಕೂ ಏನೂ ಆಗಿಲ್ಲವಲ್ಲ. ಲರ್ನಿಂಗ್ ಅಂದ್ಕೊಳ್ಳಿ."

"ನೀವು ವಾರಕ್ಕೆ ಕೊಟ್ಟೋರು. ನೇಗಿಲು ನಮ್ಮ ಕೈಲಿರಬೇಕು ಅಂತ ಅಲ್ವಾ ಮಾತು?"

ಅವರ ಮುಖದಲ್ಲಿ ನಿಜವಾದ ಗೊಂದಲ ಕಂಡಿತು. "ಯಾವ ನೇಗಿಲು? ವಾರಕ್ಕೆ ಅಂದ್ರೆ ವೀಕ್ಲಿ ರಿಪೋರ್ಟ್ ಕೊಡ್ತೀನಿ ಅಂದಿದ್ರಲ್ಲ ನೀವು? ಅದಕ್ಕೇ ತಾನೆ ಪ್ರತಿ ಸೋಮವಾರ ಫೋನ್ ಮಾಡ್ಸಿದ್ದು?"

ನಮ್ಮ ಕಡೆ ವಾರ ಎಂದರೆ ಏನೆಂದು ನಾನೇ ಎರಡು ಮಾತಿನಲ್ಲಿ ಹೇಳಿದೆ. ಆಮೇಲೆ ಅವರು ನಕ್ಕರು. ಬೆಂಗಳೂರಿಗೆ ಹೋಗಿ ಹೇಳಲು ಒಳ್ಳೆಯ ಕತೆ ಸಿಕ್ಕಿತಲ್ಲ ಎಂಬ ನಗು.

ಆ ನಗು ನನ್ನನ್ನು ಬೆಂಕಿಗಿಂತ ಹೆಚ್ಚು ಉರಿಸುತ್ತದೆ. ಈಗ ನಮ್ಮ ಕಡೆಯ ಹುಡುಗ ಹುಡುಗಿಯರು ಹೂಡಿಕೆದಾರರನ್ನು ಹೇಗೆ ಆರಿಸಬೇಕು ಎಂದು ಕೇಳುತ್ತಾರೆ. ಅವರ ಕಾಲೇಜುಗಳಲ್ಲಿ ಇದಕ್ಕೆ ಭಾಷಣಗಳಿವೆ: ಅನುಭವ ನೋಡಿ, ಸಂಪರ್ಕ ನೋಡಿ, ದೃಷ್ಟಿ ನೋಡಿ. ಮಣ್ಣು! ನಮ್ಮ ಎದುರಿಗೆ ಇದ್ದವರು ಇಬ್ಬರೇ. ಒಲೆಯೊಳಗೆ ಬಗ್ಗಿ ನೋಡಿದವನು ಅವಳ ಲೋಟ ಬೇರೆ ಮಾಡಿದ. ಅವಳ ತಟ್ಟೆಯಲ್ಲಿ ಉಂಡವನು ಅವಳ ಚಿಕ್ಕವ್ವನನ್ನು ಸುಟ್ಟ. ಇದರಲ್ಲಿ ಸರಿಯಾದವನು ಯಾರು, ಹೇಳಲಿ ಆ ಭಾಷಣದವರು. ಗಿರಣಿಯವರನ್ನೇ ಒಪ್ಪಿಕೊಳ್ಳಬೇಕಿತ್ತು ಎಂದು ಊರಿನಲ್ಲಿ ನನಗೆ ಬುದ್ಧಿ ಹೇಳಿದವರಿದ್ದಾರೆ. ಒಂದು ಕಪ್ಪಿಗೆ ಇಷ್ಟು ರೋಷವೇ ಎನ್ನುತ್ತಾರೆ. ಅವರ ಕೈಗೆ ಯಾವತ್ತೂ ಕಾಗದದ ಕಪ್ಪು ಬಂದಿಲ್ಲ. ನನ್ನಿಂದ ಹುಟ್ಟುವ ಬುದ್ಧಿಮಾತು ಇಷ್ಟೇ: ಕೊಡುವವನ ಬಾಯಿಯಿಂದ ನಿಮ್ಮ ಮಾತನ್ನು ಅವನ ಮಾತಿನಲ್ಲಿ ತಿರುಗಿ ಹೇಳಿಸಿ. 'ಸೂಪರ್' ಎಂದರೆ ಅವನಿಗೆ ಏನೂ ಅರ್ಥವಾಗಿಲ್ಲ. ಮತ್ತೆ, ಬೇಡ ಎಂದಾಗ ಅವನು ಏನು ಮಾಡುತ್ತಾನೆ ಎಂದು ಹಣ ಮುಟ್ಟುವ ಮೊದಲೇ ನೋಡಿ. ಸಣ್ಣದಕ್ಕೆ ಬೇಡ ಎಂದು ನೋಡಿ.

ಬೇಡ ಎಂದದ್ದಕ್ಕೆ ನಮಗೆ ಸಿಕ್ಕ ಉತ್ತರ ಲಾರಿ. ಎರಡು ಕುರ್ಚಿಯವರು ಸೇರಿ ತೀರ್ಮಾನಿಸಿದ್ದರು, ಯಂತ್ರ ಕಂಪನಿಯ ಆಸ್ತಿ, ಅದನ್ನು ಮಂಡ್ಯದ ಕಡೆ ಬೇರೆಯವರು ನಡೆಸುತ್ತಾರೆ. ನಮಗೆ ಪರಿಚಯದ ವಕೀಲರನ್ನು ಕೇಳಿದೆವು. ತಡೆಯಲು ದಾರಿಯಿದೆ, ಆದರೆ ಅಷ್ಟರಲ್ಲಿ ಸುಗ್ಗಿ ಮುಗಿದಿರುತ್ತದೆ ಎಂದರು.

ಲಾರಿ ಬರುವ ದಿನ ಬೆಳಿಗ್ಗೆ ನಾನು ಶೆಡ್ಡಿಗೆ ಹೋದಾಗ ಒಳಗಿನಿಂದ ಕಿಡಿ ಹಾರುತ್ತಿತ್ತು. ಗೆಳತಿ ಕಣ್ಣಿಗೆ ಕನ್ನಡಕ ಹಾಕಿಕೊಂಡು, ಕೈಯಲ್ಲಿ ಗ್ರೈಂಡರು ಹಿಡಿದು, ಅಟ್ಟಣೆಯನ್ನು ಪೆಟ್ಟಿಗೆಯಿಂದ ಕತ್ತರಿಸುತ್ತಿದ್ದಳು. ಏಣಿ ಆಗಲೇ ತುಂಡಾಗಿ ಬಿದ್ದಿತ್ತು.

ಲಾರಿಯ ಜೊತೆ ಬಂದ ತಂತ್ರಜ್ಞ ಬಾಗಿಲಲ್ಲೇ ಕೂಗಿದ, "ಮೇಡಂ, ಏನ್ ಮಾಡ್ತಿದೀರ? ಕಂಪನಿ ಪ್ರಾಪರ್ಟಿ ಅದು!"

"ನೀನು ನಟ್ಟು ಬಿಚ್ಚಿದೆಯಲ್ಲ, ಅದು ಯಾರ ಪ್ರಾಪರ್ಟಿ?" ಎಂದಳು ಅವಳು, ಗ್ರೈಂಡರು ನಿಲ್ಲಿಸದೆ.

"ನಂಗೆ ಹೇಳಿದ್ರು, ಮಾಡ್ದೆ ಮೇಡಂ."

"ಹಂಗಾದ್ರೆ ಈಗ ನಾನ್ ಹೇಳ್ತೀನಿ, ಆ ತುದಿ ಹಿಡ್ಕೊ. ಮೇಲೆ ಬಿದ್ರೆ ಕಾಲ್ ಹೋಗುತ್ತೆ."

ಅವನು ಹಿಡಿದುಕೊಂಡ. ನಾನು ಇನ್ನೊಂದು ತುದಿ ಹಿಡಿದೆ. ಅಟ್ಟಣೆ ನೆಲಕ್ಕೆ ಬಂತು. ಅದಿಲ್ಲದ ಪೆಟ್ಟಿಗೆ ನುಣುಪು ತಗಡಿನ ಗೋಡೆಯಾಗಿತ್ತು, ಹತ್ತಲು ಹಿಡಿಯೇ ಇರಲಿಲ್ಲ. ಕ್ರೇನಿನವನು ಯಂತ್ರವನ್ನು ಲಾರಿಗೇರಿಸಿದ.

ಹೊಸ ಅಟ್ಟಣೆ ಬೆಸೆಯಲು ಒಬ್ಬ ವೆಲ್ಡರಿಗೆ ಅರ್ಧ ದಿನ ಸಾಕು. ಅದು ಅವಳಿಗೂ ಗೊತ್ತು. "ಬೆಸೀಲಿ," ಎಂದಳು, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಾ. "ಬೆಸೆಯೋನು ಯಾಕೆ ಕಿತ್ತಿದಾರೆ ಅಂತ ಒಂದು ಸಲ ಕೇಳ್ತಾನೆ. ಯಾರಾದ್ರೂ ಒಬ್ರು ಅವನಿಗೆ ಉತ್ತರ ಹೇಳ್ಬೇಕಾಗುತ್ತೆ." ಲಾರಿ ಆಗಲೇ ಮೈಸೂರು ರಸ್ತೆಗೆ ತಿರುಗಿತ್ತು.