ಸಾವಿಗೆ ಒಂದು ಓಟು

ನಾವು ಗಡಿ ದಾಟಿ ತಮಿಳು ಸೀಮೆಯ ಮೂಕಂಡಪಲ್ಲಿಗೆ ಬಂದು ಆರು ವರ್ಷದ ಮೇಲೆ ಅಮ್ಮನ ಹೆಸರು ಇಲ್ಲಿನ ಮತದಾರರ ಪಟ್ಟಿಗೆ ಸೇರಿತು. ಅಪ್ಪ ಅಂದೇ ತೀರ್ಪು ಕೊಟ್ಟರು: "ನಾನ್ ಹೇಳ್ದೋರ್ಗೆ ಹಾಕು, ಸಾಕು."

ಅಮ್ಮನಿಗೆ ಅದು ರುಚಿಸಲಿಲ್ಲ. ಆದರೆ ವಾರ್ಡಿಗೆ ನಿಂತವರ ಸುದ್ದಿ ಬರುತ್ತಿದ್ದದ್ದು ತಮಿಳು ಪತ್ರಿಕೆಯಲ್ಲಿ. ಅವಳಿಗೆ ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ.

"ನೀನು ಓದಿ ಕನ್ನಡ್ದಲ್ಲಿ ಬರ್ದ್ಕೊಡು ಕಣ್ಲಾ, ಆರ್ಸೋದು ನಾನ್ ಆರ್ಸ್ಕೋತೀನಿ" ಅಂದಳು ನನಗೆ.

ಆಗ ನಾನು ಕಾರ್ಖಾನೆಯೊಂದರ ಸ್ಟೋರಿನಲ್ಲಿದ್ದೆ. ನಟ್ಟು ಬೋಲ್ಟುಗಳ ಲೆಕ್ಕ ಬರೆದು ಬರೆದು, ಅಂಕಣ ಎಳೆಯದೆ ಏನನ್ನೂ ಯೋಚಿಸಲಾಗದ ಸ್ಥಿತಿ ನನ್ನದು. ಅಮ್ಮ ಕೇಳಿದ್ದು ಒಂದು ಪುಟ. ನಾನು ಇನ್ನೂರು ಪುಟದ ನೋಟ್‌ಬುಕ್ ತಂದು 'ಅಭ್ಯರ್ಥಿಯನ್ನು ಆರಿಸುವ ಬಗೆ' ಎಂಬ ಪುಸ್ತಕವನ್ನೇ ಶುರು ಮಾಡಿದೆ. ಒಬ್ಬೊಬ್ಬರಿಗೆ ಒಂದೊಂದು ಅಧ್ಯಾಯ. ನೀರು, ಚರಂಡಿ, ಮನೆಗೆ ಹೋದರೆ ಸಿಗುತ್ತಾರೋ ಇಲ್ಲವೋ, ಎಲ್ಲಕ್ಕೂ ಹತ್ತರಲ್ಲಿ ಅಂಕ.

ಅಭ್ಯರ್ಥಿಗಳು ಮಾತ್ರ ತಮ್ಮ ತಮ್ಮ ಅಧ್ಯಾಯದಲ್ಲಿ ಸುಮ್ಮನೆ ಕೂರಲು ಒಪ್ಪಲಿಲ್ಲ. ಸೋಮವಾರ ಒಂದು ಪಕ್ಷದಲ್ಲಿದ್ದವರು ಗುರುವಾರ ಇನ್ನೊಂದರಲ್ಲಿ. ಎರಡನೇ ಅಧ್ಯಾಯವನ್ನು ನಾಲ್ಕು ಸಲ ಬರೆದು ನಾಲ್ಕು ದಿನಾಂಕ ಹಾಕಿದೆ. ಐದನೇ ಸಲಕ್ಕೆ ಆ ಮನುಷ್ಯ ನಾಮಪತ್ರವನ್ನೇ ವಾಪಸ್ ತೆಗೆದುಕೊಂಡ.

"ನಿನ್ ಬುಕ್ಕು ಮುಗ್ಯೋ ಹೊತ್ಗೆ ಗೆದ್ದೋರು ಐದ್ ವರ್ಸ ಮುಗ್ಸಿ ಮನೆಗ್ ಹೋಗಿರ್ತಾರೆ ಕಣ್ಲಾ" ಅಂದಳು ಅಮ್ಮ.

ಕೊನೆಗೆ ಉಳಿದವರು ನಾಲ್ವರು. ಹೆಚ್ಚು ಅಂಕ ಬಂದದ್ದು, ಟಿಕೆಟ್ ಸಿಗದೆ ಪಕ್ಷೇತರಳಾಗಿ ನಿಂತ ಹಿಂದಿನ ಬೀದಿಯ ಟೈಲರಮ್ಮನಿಗೆ. ಚಿಹ್ನೆ ಹಂಚಿದ ಸುದ್ದಿ ಬಂದ ಬೆಳಿಗ್ಗೆ, ಶಿಫ್ಟಿಗೆ ಹೊರಡುವ ಅವಸರದಲ್ಲಿ ಎಸ್‌ಟಿಡಿ ಬೂತಿನ ಪತ್ರಿಕೆ ನೋಡಿ ಕೊನೆಯ ಪುಟ ಬರೆದು, ಪುಸ್ತಕವನ್ನು ಅಮ್ಮನ ಕೈಗಿಟ್ಟು ಓಡಿದೆ.

ಸಂಜೆ ಬಂದರೆ ಅಮ್ಮ, ಪಕ್ಕದ ಮನೆಯಾಕೆ ಇಬ್ಬರೂ ಬಾಗಿಲಲ್ಲಿ ಕೂತು ನಗುತ್ತಿದ್ದರು. ಅಮ್ಮ ನನ್ನ ತೀರ್ಮಾನವನ್ನು ಗಟ್ಟಿಯಾಗಿ ಓದಿದಳು: "'ಎಲ್ಲವನ್ನೂ ತೂಗಿ ನೋಡಿದರೆ, ಈ ಸಲದ ಓಟು ಸಾವಿಗೆ.' ಯಾಕ್ಲಾ, ಇಷ್ಟ್ ದಿನ ಕಾದು ನಾನು ಸಾವಿಗೆ ಓಟ್ ಹಾಕ್ಬೇಕಾ?"

"ಹಾಕ್ ಬುಡಕ್ಕಾ, ಅದು ಯಾವತ್ತೂ ಸೋತಿದ್ದಿಲ್ಲ" ಅಂದಳು ಪಕ್ಕದ ಮನೆಯಾಕೆ.

ಟೈಲರಮ್ಮನಿಗೆ ಸಿಕ್ಕ ಚಿಹ್ನೆ ಬೀಗದ ಕೈ. ತಮಿಳಿನಲ್ಲಿ ಅದಕ್ಕೆ ಸಾವಿ ಎನ್ನುತ್ತಾರೆ. ಸ್ಟೋರಿನಲ್ಲಿ ದಿನಕ್ಕೆ ಹತ್ತು ಸಲ ಸಾವಿ ಸಾವಿ ಎನ್ನುತ್ತಿದ್ದ ನನಗೆ ಅದು ಕನ್ನಡವಲ್ಲ ಎಂಬುದೇ ಮರೆತಿತ್ತು.

"ಇನ್ ಅಕ್ಸರ ಸಾಕು. ನಾಲ್ಕೂ ಗುರ್ತು ಬರ್ದು ಕೆಳ್ಗೆ ಹೆಸ್ರು ಹಾಕು. ಅಂಕ ಗಿಂಕ ಬ್ಯಾಡ" ಅಂದಳು ಅಮ್ಮ.

ಒಂದೇ ಹಾಳೆಯಲ್ಲಿ ನಾಲ್ಕು ಚಿತ್ರ ಬಿಡಿಸಿಕೊಟ್ಟೆ. ಅಮ್ಮ ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದಳು. ಓಟು ಕೇಳಲು ಬಂದ ನಾಲ್ವರನ್ನೂ ಬಾಗಿಲಲ್ಲೇ ನಿಲ್ಲಿಸಿ, ಕನ್ನಡ ತೆಲುಗು ಬೆರೆಸಿ ನಲ್ಲಿ ನೀರಿನ ಬಗ್ಗೆ ತಾನೇ ವಿಚಾರಿಸಿದಳು.

ಮತದಾನದ ದಿನ ಅಪ್ಪನೂ ನಾನೂ ಶಾಲೆಯ ಗೇಟಿನ ಹತ್ತಿರ ಕಾದು ನಿಂತೆವು. ಅಮ್ಮ ಮಸಿ ಹಚ್ಚಿದ ಬೆರಳಿಗೆ ಉಫ್ ಉಫ್ ಎಂದು ಊದುತ್ತಾ ಬಂದಳು.

"ನಾನ್ ಹೇಳ್ದೋರ್ಗೇ ತಾನೆ?" ಅಂದರು ಅಪ್ಪ.

"ಟೈಲರಮ್ಮಂಗೇ ತಾನೆ?" ಅಂದೆ ನಾನು.

ಅಮ್ಮ ಇಬ್ಬರ ಮುಖವನ್ನೂ ಒಮ್ಮೆ ನೋಡಿದಳು. "ನಡೀರಿ ಇಬ್ರೂ, ಹೊಟ್ಟೆ ಹಸೀತದೆ" ಅಂದು ಮುಂದೆ ಹೊರಟಳು.