ಕಳುವಾದ ಉಡಿದಾರದ ವಾರಸುದಾರರು

ಕಳ್ಳತನವಾದ ಮನೆಯನ್ನು ನೋಡಲು ಬರುವವರೆಲ್ಲರೂ ಮೊದಲು ಹಿತ್ತಿಲ ಬಾಗಿಲಿನ ಅಗುಳಿಯನ್ನು ಮುಟ್ಟಿ ನೋಡುತ್ತಾರೆ, ಆಮೇಲೆ ಕಾಫಿ ಕುಡಿಯುತ್ತಾರೆ. ಈ ಕ್ರಮ ತಪ್ಪಿದ್ದನ್ನು ನಾನಂತೂ ಕಾಣೆ. ಅಗುಳಿಯನ್ನು ಎರಡು ಸಲ ಹಿಂದೆ ಮುಂದೆ ಎಳೆದು, "ಇದಾ? ಇದ್ನ ನಾನೇ ಒಂದ್ ಒದೆಗೆ ಮುರೀತಿದ್ದೆ ಕಣಣ್ಣ" ಎಂದು ನಮ್ಮನ್ನು ಸಮಾಧಾನಪಡಿಸಿ, ಜಗಲಿಯ ಮೇಲೆ ಕಾಲು ನೀಡಿ ಕುಳಿತುಬಿಡುತ್ತಾರೆ. ಗ್ಯಾಸ್ ಸಿಲಿಂಡರನ್ನೂ ಕಳ್ಳ ಹೊತ್ತೊಯ್ದಿದ್ದರಿಂದ ನನ್ನ ಹೆಂಡತಿ ಸಿದ್ದಮ್ಮ ಅಷ್ಟೂ ಜನರ ಕಾಫಿಯನ್ನು ಹಿತ್ತಿಲಿನ ಸೌದೆ ಒಲೆಯಲ್ಲಿ ಊದಿ ಊದಿ ಕಾಯಿಸಬೇಕಾಯಿತು. ಮೂರನೆಯ ದಿನದ ಹೊತ್ತಿಗೆ ಅವಳ ಕೋಪ ಕಳ್ಳನ ಮೇಲಿತ್ತೋ ನೆಂಟರ ಮೇಲಿತ್ತೋ ಹೇಳುವುದು ಕಷ್ಟವಾಗಿತ್ತು.

ನನ್ನ ಅವಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ಮೂವತ್ತು ವರ್ಷ ನಾನು ತಮಿಳುನಾಡಿನ ಶಂಕಗಿರಿಯ ಲಾರಿ ಬುಕ್ಕಿಂಗ್ ಆಫೀಸಿನಲ್ಲಿ ಕುಳಿತು ಪರರ ಸರಕನ್ನು ಕಾದವನು. ಗುಜರಾತಿಗೆ ಹೊರಟ ಲೋಡಿನಲ್ಲಿ ಒಂದೇ ಒಂದು ಮೂಟೆ ಕಡಿಮೆಯಾದರೂ ಅದು ಯಾವ ಊರಿನ ಯಾವ ಢಾಬಾದ ಹಿಂದೆ ಇಳಿದಿರಬಹುದೆಂದು ಕುರ್ಚಿಯಿಂದ ಏಳದೆ ಹೇಳಬಲ್ಲವನೆಂಬ ಖ್ಯಾತಿ ನನಗಿತ್ತು. ಆ ಖ್ಯಾತಿಯನ್ನು ಹಬ್ಬಿಸಿದವನೂ ಬಹುಪಾಲು ನಾನೇ. ಈಗ ನಿವೃತ್ತನಾಗಿ, ಹೆಂಡತಿ ಮಗಳು ಮೊದಲಿನಿಂದಲೂ ಇದ್ದ ಮೇಚೇರಿಯ ಪಕ್ಕದ ನಮ್ಮೂರಿಗೆ ಬಂದು, ಬಾಲ್ಯದಲ್ಲಿ ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಕಲಿತ ನಾಲ್ಕು ಕನ್ನಡ ಅಕ್ಷರಗಳನ್ನು ಹೀಗೆ ಕಾಗದಕ್ಕಿಳಿಸುತ್ತ ಕಾಲ ಕಳೆಯುತ್ತಿದ್ದೇನೆ. ಊರಿನಲ್ಲಿ ಎಲ್ಲರೂ ಆಡುವುದು ಕನ್ನಡ, ಓದುವುದು ತಮಿಳು. ಆದ್ದರಿಂದ ನನ್ನ ಬರಹಕ್ಕೆ ನಿಂದಕರಿಲ್ಲ.

ಕಳುವಾದದ್ದು ಹಾಡುಹಗಲಿನಲ್ಲಿ. ನಾವಿಬ್ಬರೂ ಧರ್ಮಪುರಿಯಲ್ಲೊಂದು ಮದುವೆಗೆ ಹೋಗಿದ್ದೆವು. ಮದುವೆಯೆಂದ ಮೇಲೆ ಮನೆಯಲ್ಲಿದ್ದ ಚಿನ್ನವೆಲ್ಲ ಸಿದ್ದಮ್ಮನ ಮೈಮೇಲೆ ಸುರಕ್ಷಿತವಾಗಿ ಪ್ರಯಾಣ ಮಾಡಿತ್ತು. ಪಾಪ, ಕಳ್ಳನಿಗೆ ಉಳಿದದ್ದು ಸಿಲಿಂಡರು, ಮಿಕ್ಸಿ, ಎರಡು ಹಿತ್ತಾಳೆ ಕೊಡ ಮತ್ತು ಟ್ರಂಕಿನ ತಳದಲ್ಲಿ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ಒಂದು ಬೆಳ್ಳಿಯ ಉಡಿದಾರ. ಅದೇ ಟ್ರಂಕಿನಲ್ಲಿದ್ದ ನನ್ನ ಬರಹದ ಕಟ್ಟನ್ನು ಅವನು ಬಿಚ್ಚಿ ನೋಡಿ, ನಾನು ಕಟ್ಟಿದ್ದಕ್ಕಿಂತ ಚೊಕ್ಕವಾಗಿ ಕಟ್ಟಿ ಮತ್ತೆ ಒಳಗಿಟ್ಟಿದ್ದ. ಇಷ್ಟು ನಿಷ್ಪಕ್ಷಪಾತವಾದ ವಿಮರ್ಶೆ ನನಗೆ ಇದುವರೆಗೆ ಸಿಕ್ಕಿರಲಿಲ್ಲ.

ಸಿಲಿಂಡರು, ಮಿಕ್ಸಿಗಳ ವಿಷಯದಲ್ಲಿ ಸಿದ್ದಮ್ಮ ಒಂದು ಮಾತನ್ನೂ ಆಡಲಿಲ್ಲ. ಅವಳು ನೆಲದ ಮೇಲೆ ಕುಕ್ಕರಿಸಿ ಅತ್ತದ್ದು ಆ ಉಡಿದಾರಕ್ಕೆ. ಎಳೆಗೂಸಿನ ನಡುವಿಗೆ ಕಟ್ಟುವ, ಹೆಣೆದ ಬೆಳ್ಳಿಯ ದಾರ. ಒಂದು ಕೊಂಡಿ ಎಂದೋ ಮುರಿದು, ಅಲ್ಲಿಗೆ ತಾಮ್ರದ ತಂತಿ ಸುತ್ತಿತ್ತು. ಇಪ್ಪತ್ತಾರು ವರ್ಷದ ಹಿಂದೆ ನಮ್ಮ ಒಬ್ಬಳೇ ಮಗಳು ಕಲಾ ಅದನ್ನು ಕಟ್ಟಿಕೊಂಡು ಇದೇ ಜಗಲಿಯಲ್ಲಿ ಅಂಬೆಗಾಲಿಟ್ಟಿದ್ದಳು. ಈಗ ಕಲಾ ಎಂಟು ತಿಂಗಳ ಬಸುರಿಯಾಗಿ ಹೆರಿಗೆಗೆಂದು ನಮ್ಮ ಮನೆಗೆ ಬಂದು ಕುಳಿತಿದ್ದಾಳೆ. ಕಳುವಿನ ದಿನ ತಪಾಸಣೆಗೆಂದು ಗಂಡನೊಡನೆ ಸೇಲಂಗೆ ಹೋಗಿದ್ದಳು, ದೇವರು ದೊಡ್ಡವನು. ಹೊಸದನ್ನು ಕೊಳ್ಳೋಣವೆಂದು ನಾನು ಬಾಯಿ ತೆರೆದದ್ದೇ ತಪ್ಪಾಯಿತು. "ಇವ್ಳ ಸೊಂಟಕ್ಕೆ ಕಟ್ಟಿದ್ದೇ ಇವ್ಳ ಮಗೀಗೂ ಕಟ್ಬೇಕು. ಅಂಗ್ಡೀದು ಯಾರ್ಗ್ ಬೇಕು?" ಎಂದು ಸಿದ್ದಮ್ಮ ಅಂದ ಮೇಲೆ ಆ ಮನೆಯಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ.

ಪೊಲೀಸ್ ಸ್ಟೇಷನ್ನಿಗೆ ನಾನು ಮೂವತ್ತು ವರ್ಷದ ಅನುಭವದ ಗತ್ತಿನಲ್ಲಿಯೇ ಹೋದೆ. ಅಲ್ಲಿನ ಹೆಡ್ ಕಾನ್‌ಸ್ಟೇಬಲ್ ಒಬ್ಬ ಹೆಣ್ಣುಮಗಳು, ನನ್ನ ಪುಟಗಟ್ಟಲೆ ತಮಿಳು ಪುಗಾರನ್ನು, ಅಂದರೆ ದೂರನ್ನು, ತಾಳ್ಮೆಯಿಂದ ಓದಿ, "ಅಯ್ಯಾ, ಇದುಕ್ಕೆಲ್ಲಾಂ ಬಿಲ್ ಇರುಕ್ಕಾ?" ಎಂದು ಕೇಳಿದರು. ಮಿಕ್ಸಿಗಿತ್ತು, ಉಡಿದಾರಕ್ಕೆ ಎಲ್ಲಿಂದ ತರಲಿ? ಹಾಗಾದರೆ ಅದು ಯಾರು ಮಾಡಿಸಿದ್ದು, ಯಾವಾಗ ಮಾಡಿಸಿದ್ದು ಎಂದರು. "ಹಿಂದಿನಿಂದ ಮನೆಯಲ್ಲಿರುವುದು" ಎಂದು ನಾನು ಧೈರ್ಯವಾಗಿ ಹೇಳಿದೆ. ಅವರು ಹಾಗೆಯೇ ಬರೆದುಕೊಂಡು, ರಸೀದಿ ಕೊಟ್ಟು ಕಳಿಸಿದರು.

ರಸೀದಿಯನ್ನು ನೋಡಿ ಸಿದ್ದಮ್ಮನಿಗೆ ತೃಪ್ತಿಯಾಗಲಿಲ್ಲ. ಮಾರನೆಯ ಬೆಳಿಗ್ಗೆ ಹಾಲಿನ ಸೊಸೈಟಿಯ ಮುಂದೆ, ಊರಿನ ಹೆಂಗಸರೆಲ್ಲ ಕ್ಯಾನು ಹಿಡಿದು ನಿಂತಿದ್ದಾಗ, ಅವಳು ತನ್ನದೇ ಕ್ರಮ ಜರುಗಿಸಿದಳು. "ಅಮಾಸೆ ದಿನ ಮುನಿಯಪ್ಪನ ಮುಂದೆ ಕಾಸು ಕಡ್ದು ಆಕ್ತೀನಿ. ನಮ್ಮನೆ ಸಾಮಾನು ಯಾರ ಮನೇಲೈತೋ ಅವ್ರು ಅದ್ರೊಳ್ಗೆ ತಂದ್ ಮಡಗ್ಬುಡ್ಲಿ. ಆಮ್ಯಾಕೆ ನನ್ನ ಕೇಳ್ಬ್ಯಾಡಿ!"

ನಮ್ಮ ಕಡೆ ಕಾಸು ಕಡಿಯುವುದೆಂದರೆ ಹುಡುಗಾಟವಲ್ಲ. ನೊಂದವರು ದೇವರ ಮುಂದೆ ಒಂದು ನಾಣ್ಯವಿಟ್ಟು, "ಪರರ ಸೊತ್ತನ್ನು ತನ್ನದೆಂದು ಇಟ್ಟುಕೊಂಡವರ ಮನೆ ಏಳಿಗೆಯಾಗದಿರಲಿ" ಎಂದು ಹೇಳಿ ಉಳಿಯಿಂದ ಅದನ್ನು ಎರಡು ತುಂಡು ಮಾಡುತ್ತಾರೆ. ಆಡಿದ ಮಾತನ್ನು ಮತ್ತೆ ಹಿಂತೆಗೆಯುವಂತಿಲ್ಲ. ಮುನಿಯಪ್ಪ ಬಿಲ್ಲನ್ನು ಕೇಳುವವನಲ್ಲ, ಸಾಕ್ಷಿಯನ್ನು ಕರೆಸುವವನಲ್ಲ, ಕದ್ದು ಇಟ್ಟುಕೊಂಡದ್ದೋ ಮರೆತು ಇಟ್ಟುಕೊಂಡದ್ದೋ ಎಂಬ ಸೂಕ್ಷ್ಮ ವಿಚಾರಣೆಗಂತೂ ಇಳಿಯುವವನೇ ಅಲ್ಲ.

ಈ ಕೊನೆಯ ಅಂಶ ಊರಿನವರಿಗೆ ನನಗಿಂತ ಬೇಗ ಹೊಳೆದಿತ್ತು. ಅಂದು ಸಂಜೆಯೇ ಪಕ್ಕದ ಮನೆಯ ರಂಗಮ್ಮ ನಮ್ಮ ಇಡ್ಲಿ ತಟ್ಟೆಗಳನ್ನು ತಂದು, "ಮರ್ತೋಗಿತ್ತು ಕಣಕ್ಕ, ಮನ್ಸಲ್ಲಿ ಮಡಿಕ್ಕೋಬ್ಯಾಡ" ಎಂದು ಇಟ್ಟು ಹೋದಳು. ಆ ತಟ್ಟೆಗಳು ಹೋಗಿ ನಾಲ್ಕು ದೀಪಾವಳಿಗಳಾಗಿದ್ದವು. ಬೆಳಗಾಗುವಷ್ಟರಲ್ಲಿ ಹಾರೆಯೊಂದು ಗೋಡೆಗೆ ಒರಗಿತ್ತು. ಆಮೇಲೆ ಏಣಿ ಬಂತು, ಕುರಿ ಉಣ್ಣೆ ಕತ್ತರಿಸುವ ಕತ್ತರಿ ಬಂತು, ಕಲಾಳ ಮದುವೆಯಲ್ಲಿ ಕಾಣೆಯಾಗಿದ್ದ ಸೌಟು ಬಂತು, ನಾನು ಶಂಕಗಿರಿಯ ಬಸ್ಸಿನಲ್ಲಿ ಕಳೆದುಕೊಂಡೆನೆಂದು ಹತ್ತು ವರ್ಷ ಬೈಸಿಕೊಂಡಿದ್ದ ಛತ್ರಿಯೂ ಬಂತು! ಕಳ್ಳ ಒಯ್ದದ್ದೊಂದು ಬಿಟ್ಟು ಮಿಕ್ಕೆಲ್ಲವೂ ಬಂದವು. ಹಳೆಯ ಅಭ್ಯಾಸ ಬಿಡದು. ನಾನು ಜಗಲಿಯಲ್ಲಿ ಕುಳಿತು ಪ್ರತಿಯೊಂದಕ್ಕೂ ದಾಖಲೆ ಬರೆದು ಸರಕು ಇಳಿಸಿಕೊಂಡೆ.

ಎರಡು ದಿನ ಕಳೆಯುವಷ್ಟರಲ್ಲಿ ಹಾಲಿನ ಸೊಸೈಟಿಯ ಮುಂದೆ ಇನ್ನಿಬ್ಬರು ಹೆಂಗಸರು ತಾವೂ ಕಾಸು ಕಡಿಯುವುದಾಗಿ ಹೇಳಿದರೆಂಬ ಸುದ್ದಿ ಬಂತು, ಮತ್ತು ನಮ್ಮ ಮನೆಯೊಳಗೆ ಗಾಬರಿ ಶುರುವಾಯಿತು. ಸಿದ್ದಮ್ಮ ಅಟ್ಟ ಹತ್ತಿ ಕೆಳಕ್ಕೆ ಕೊಡುತ್ತಿದ್ದಳು, ನಾನು ತಲೆ ತಗ್ಗಿಸಿ ಹಿಡಿದುಕೊಳ್ಳುತ್ತಿದ್ದೆ: ರಂಗಮ್ಮನ ಮೊರ, ಪೂಜಾರಿಯ ಸ್ಟೂಲು, ಯಾರದೆಂದು ಇಂದಿಗೂ ಗೊತ್ತಾಗದ ಒಂದು ಕುಕ್ಕರಿನ ಮುಚ್ಚಳ. ಒಳಬಂದದ್ದಕ್ಕಿಂತ ಹೊರಹೋದದ್ದೇ ಹೆಚ್ಚಾಯಿತು. ಈ ಹೊರಹೋದ ಸರಕಿಗೆ ಮಾತ್ರ ನಾನು ದಾಖಲೆ ಬರೆಯಲಿಲ್ಲವೆಂಬುದನ್ನು ಓದುಗರ ಹತ್ತಿರ ಒಪ್ಪಿಕೊಳ್ಳುತ್ತೇನೆ. ಆದರೂ ಎಲ್ಲ ಕೊಟ್ಟು ಮುಗಿಸಿದ ಸಂಜೆ ನಮಗಿಬ್ಬರಿಗೂ ಮೈ ಹಗುರವಾಗಿ, ಇನ್ನು ಮುನಿಯಪ್ಪನ ಮುಂದೆ ಎದೆ ಸೆಟೆದು ನಿಲ್ಲಬಹುದೆಂದುಕೊಂಡೆವು.

ಅಮಾವಾಸ್ಯೆಗೆ ಎರಡು ದಿನ ಮುಂಚೆ ಪಾಪಿರೆಡ್ಡಿಪಟ್ಟಿಯಿಂದ ನಮ್ಮ ಅಕ್ಕ ಫೋನು ಮಾಡಿದಳು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನನ್ನನ್ನು ಎತ್ತಿ ಬೆಳೆಸಿದವಳು. ಕಾಸು ಕಡಿಯುವ ಸುದ್ದಿ ಅಲ್ಲಿಯವರೆಗೂ ಹೋಗಿತ್ತು. "ಬ್ಯಾಡ ಕಣ್ಲಾ, ಸಿದ್ದೀಗ್ ಯೋಳು. ಮನೇಲಿ ಬಸ್ರಿ ಎಣ್ಣೈತೆ" ಎಂದಳು. ಬಸುರಿಗೇನು, ಶಾಪ ಕಳ್ಳನಿಗಲ್ಲವೇ ಎಂದು ನಾನು ನ್ಯಾಯ ಹೇಳಿದೆ. ಅದಕ್ಕೆ ಅಕ್ಕ, ತಾನೇ ಏನೋ ತಪ್ಪು ಮಾಡಿದವಳ ದನಿಯಲ್ಲಿ, "ಅದು ನಮ್ಮತ್ತೆ ಮಾಡ್ಸಿದ್ ಉಡ್ದಾರ ಕಣೋ ತಮ್ಮ. ಕಲಾಗ್ ಒಂದ್ ವರ್ಸ ಇರ್ಲಿ ಅಂತ ಕಟ್ಟಿದ್ದೆ. ಸಾಪದ್ ಮಾತು ಬಂದು ಕಲಾ ತಲೆಗ್ ಸುತ್ಕೊಂಡ್ರೆ ಏನ್ಲಾ ಮಾಡಾನ?" ಎಂದಳು.

ಫೋನು ಇಟ್ಟು ನಾನು ಸಿದ್ದಮ್ಮನ ಮುಖ ನೋಡಿದೆ. ಇಷ್ಟು ವರ್ಷ ನಾನು ಆ ಉಡಿದಾರ ಅವಳ ತವರಿನದೆಂದುಕೊಂಡಿದ್ದೆ. ಅವಳು ನಮ್ಮ ಅಮ್ಮ ಬಿಟ್ಟುಹೋದದ್ದೆಂದುಕೊಂಡಿದ್ದಳು. ಒಬ್ಬರ ಮನೆತನಕ್ಕೆ ಇನ್ನೊಬ್ಬರು ಕೊಟ್ಟ ಗೌರವದಿಂದಾಗಿ ಇಬ್ಬರೂ ಕೇಳಿರಲಿಲ್ಲ. ಅಂದಿನ ಹೆರಿಗೆಯ ಗಡಿಬಿಡಿಯಲ್ಲಿ ಕಟ್ಟಿದವಳಾರೆಂಬುದನ್ನೇ ಮರೆತಿದ್ದೆವು.

ಮರೆಯದೆ ಉಳಿದದ್ದು ಇನ್ನೊಂದು, ಅದೇ ನನ್ನನ್ನು ಆ ರಾತ್ರಿ ಊಟ ಮಾಡಗೊಡಲಿಲ್ಲ. ಅಕ್ಕನ ಮೂವರು ಮೊಮ್ಮಕ್ಕಳ ನಾಮಕರಣಕ್ಕೂ ನಾನು ಹೋಗಿದ್ದೇನೆ. ಮೂರೂ ಕೂಸುಗಳ ನಡುವಿನಲ್ಲಿ ಇದ್ದದ್ದು ಬರೀ ಕರಿ ದಾರ. ಮೂರನೆಯ ಸಲ ನಾನು ಎಲೆಯ ಮುಂದೆ ಕುಳಿತು, ಎಲ್ಲರಿಗೂ ಕೇಳುವ ಹಾಗೆ, "ಏನಕ್ಕ, ಭಾವ ಬೆಳ್ಳಿನೆಲ್ಲ ಬ್ಯಾಂಕಲ್ಲೇ ಮಡಗವ್ರಾ?" ಎಂದು ತಮಾಷೆ ಮಾಡಿದ್ದೆ. ಅಕ್ಕ ನಕ್ಕು ನನ್ನ ಎಲೆಗೆ ಇನ್ನೊಂದು ಸೌಟು ಪಾಯಸ ಬಡಿಸಿದ್ದಳು. ಥೂ ನನ್ನ ಬಾಯಿಗಿಷ್ಟು! ಕಳ್ಳ ಒಯ್ದದ್ದನ್ನು ಎರಡು ದಿನದೊಳಗೆ ಸ್ಟೇಷನ್ನಿನಲ್ಲಿ, ಸೊಸೈಟಿಯಲ್ಲಿ, ದೇವರ ಹೆಸರಿನಲ್ಲಿ ಕೂಗಿ ಕೇಳಿದ ನಾವು ಎಲ್ಲಿ, ತಮ್ಮನ ಮನೆಯಲ್ಲಿದ್ದ ತನ್ನದೇ ಸೊತ್ತನ್ನು ಇಪ್ಪತ್ತಾರು ವರ್ಷ ಕೇಳಲಾರದೆ ಹೋದ ಅವಳು ಎಲ್ಲಿ. ಪರರಿಂದ ಕೇಳಿ ಪಡೆಯುವುದಕ್ಕೆ ಕಾನೂನಿದೆ, ಕಾಸಿದೆ. ನಮ್ಮವರಿಂದ ಕೇಳುವುದಕ್ಕೆ ಬಾಯೊಂದೇ, ಅದೇ ಏಳುವುದಿಲ್ಲ. ಕೊನೆಗೆ ಅವಳು ಬಾಯಿ ಬಿಟ್ಟದ್ದೂ ಉಡಿದಾರಕ್ಕಲ್ಲ, ನನ್ನ ಮಗಳಿಗೆ ಕೇಡಾಗದಿರಲೆಂದು.

ಅಮಾವಾಸ್ಯೆಯ ಬೆಳಿಗ್ಗೆ ಮುನಿಯಪ್ಪನ ಗುಡಿಯ ಮುಂದೆ ಊರೇ ನೆರೆದಿತ್ತು. ಪೂಜಾರಿ ಉಳಿ, ಸುತ್ತಿಗೆಗಳನ್ನು ತೊಳೆದಿಟ್ಟಿದ್ದ. ನನ್ನ ಹೆಂಡತಿಯ ಧೈರ್ಯವನ್ನು ನಾನು ಎಂದೂ ಕಡಿಮೆ ಅಂದಾಜು ಮಾಡಿದವನಲ್ಲ, ಆದರೂ ಅಂದು ಬೆರಗಾದೆ. ಅವಳು ಕರ್ಪೂರ ಹಚ್ಚಿ, ಜನರ ಕಡೆ ತಿರುಗಿ, "ನಾನ್ ಕಾಸು ಕಡಿಯಕಿಲ್ಲ. ಆ ಉಡ್ದಾರ ನಮ್ದಲ್ಲ, ನಮ್ಮತ್ಗೇದು. ಕಳ್ಳ ಮೊನ್ನೆ ತಕಂಡೋದ, ನಾವು ಮೊದ್ಲೇ ತಕಂಡಿದ್ವಿ" ಎಂದಳು. ಜನಕ್ಕೆ ನಿರಾಶೆಯಾಯಿತು. ಗೋಡೆಗೆ ಒರಗಿದ್ದ ಹಾರೆ ಅಂದು ಸಂಜೆಯೇ ಮತ್ತೆ ಮಾಯವಾಯಿತು.

ಎಂಟು ದಿನಕ್ಕೆ ಸ್ಟೇಷನ್ನಿನಿಂದ ಕರೆ ಬಂತು. ಮೆಟ್ಟೂರಿನಲ್ಲಿ ಯಾರೋ ಒಬ್ಬ ಸಿಕ್ಕಿಬಿದ್ದಿದ್ದ. ಅವನ ಚೀಲದಲ್ಲಿ ನಾಲ್ಕಾರು ಮನೆಗಳ ಸಾಮಾನು. ಪೊಲೀಸರು ಅದನ್ನು ತಮ್ಮ ಶ್ರಮವೆಂದರು, ನಮ್ಮೂರಿನವರು ಮುನಿಯಪ್ಪನ ಮಹಿಮೆಯೆಂದರು. ನಾನು ಇಬ್ಬರಿಗೂ ತಲೆದೂಗಿದೆ. ಅಕ್ಕನಿಗೆ ಫೋನು ಮಾಡಿ ಬರಹೇಳಿದೆ. ಅವಳು ಎರಡು ಬಸ್ಸು ಬದಲಾಯಿಸಿ, ಬೆವರು ಒರೆಸಿಕೊಳ್ಳುತ್ತ ಬಂದಳು. ಹೆಡ್ ಕಾನ್‌ಸ್ಟೇಬಲ್ ಅಮ್ಮ ತಾಮ್ರದ ತಂತಿ ಸುತ್ತಿದ ಉಡಿದಾರವನ್ನು ಮೇಜಿನ ಮೇಲಿಟ್ಟು, ಕೋರ್ಟಿಗೆ ಹೋಗುವ ಕಾಗದದಲ್ಲಿ ಯಾರ ಹೆಸರು ಬರೆಯಲಿ, ಇದು ಯಾರದ್ದು ಎಂದು ಕೇಳಿದರು. ನಾನು "ನಮ್ಮಕ್ಕನದು" ಎಂದೆ. ಅದೇ ಉಸಿರಿನಲ್ಲಿ ಅಕ್ಕ "ನಮ್ ತಮ್ಮನ ಮನೇದು" ಎಂದಳು. ಅವರು ಪೆನ್ನನ್ನು ಕೆಳಗಿಟ್ಟು, ಒಂದು ವಸ್ತುವಿಗೆ ಇಬ್ಬರು ನನ್ನದು ನನ್ನದೆಂದು ಜಗಳವಾಡಿದ್ದನ್ನು ನೋಡಿದ್ದೇನೆ, ಹೀಗೆ ನೋಡಿಲ್ಲ, ಹೊರಗೆ ಹೋಗಿ ತೀರ್ಮಾನ ಮಾಡಿಕೊಂಡು ಬನ್ನಿ ಎಂದು ತಮಿಳಿನಲ್ಲಿ ಗದರಿದರು.

ಹೊರಗೆ ಬೇವಿನ ಮರದ ಕೆಳಗೆ ನಿಂತೆವು. ಅಕ್ಕನ ಮೂರನೆಯ ಮೊಮ್ಮಗು, ಕಿರಿಯ ಸೊಸೆಯದು, ಆಗ ಮೂರು ತಿಂಗಳದು. "ಅಕ್ಕ, ನೀನೇ ಸೈನ್ ಆಕು. ಮೊದ್ಲು ನಿನ್ ಮೊಮ್ಮಗೀಗೆ ಕಟ್ಟು" ಎಂದೆ.

"ಕಲಾ ಮಗೀಗೆ?"

"ಅದ್ಕೆ ಬ್ಯಾರೆ ತಕೋತೀವಿ ಬುಡು."

ನಾನದನ್ನು ದೊಡ್ಡ ಔದಾರ್ಯವೆಂದುಕೊಂಡಿದ್ದೆ. ಅಕ್ಕನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನಾನ್ ಕೇಳ್ದೆ ಕೂತು ಕೆಟ್ಟಿದ್ದು ಸಾಲ್ದಾ? ಈಗ ನೀನೂ ಸುರು ಮಾಡ್ತೀಯಾ? ಬಾಯ್ಬುಟ್ ಕೇಳ್ಲಾ!"

ಸ್ಟೇಷನ್ನಿಗೆ ಗತ್ತಿನಲ್ಲಿ ಹೋದವನು, ಪುಟಗಟ್ಟಲೆ ಪುಗಾರು ಬರೆದವನು ನಾನು. ಆ ಮರದ ಕೆಳಗೆ ಏಳು ಪದಗಳಿಗೆ ತಡಕಾಡಿದೆ.

"ಅಕ್ಕ, ನಿನ್ ಉಡ್ದಾರ ನಮ್ ಮಗೀಗೂ ಒಸಿ ಕೊಡ್ತೀಯಾ?"

"ಕೊಡ್ತೀನಿ" ಎಂದಳು ಅಕ್ಕ, ಸೆರಗಿನಿಂದ ಮುಖ ಒರೆಸಿಕೊಂಡು, ಸೈನ್ ಹಾಕಲು ಮೆಟ್ಟಿಲು ಹತ್ತುತ್ತ. "ಆದ್ರೆ ತಿರ್ಗಾ ತಂದ್ಕೊಡ್ಬೇಕು."