ಸೆರಗಿನೊಳಗಿನ ಪಾದ

ಕಂಪ್ಯೂಟರ್ ಪರದೆಯ ಮೇಲೆ, ಸೀರೆಯ ಸೆರಗಿನ ಹೂಬಳ್ಳಿಗಳ ನಡುವೆ, ಎಳೆಗೂಸಿನ ಪಾದವೊಂದು ಮೂಡಿತು. ಐದೂ ಬೆರಳು ಸ್ಪಷ್ಟವಾಗಿದ್ದವು. ಚಿತ್ರವನ್ನು ಹಿಗ್ಗಿಸಿ ಮತ್ತೊಮ್ಮೆ ನೋಡಿದೆ.

ಬನಹಟ್ಟಿಯಲ್ಲಿ ನನ್ನದು ಹಳೆಯ ಮಗ್ಗಗಳ ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ಸ್ಕ್ಯಾನ್ ಮಾಡಿ, ಹೊಸ ಮಗ್ಗಗಳಿಗಾಗಿ ಪೆನ್‌ಡ್ರೈವ್‌ಗೆ ತುಂಬಿಕೊಡುವ ಕೆಲಸ. ಸೀರೆಯ ಚಿತ್ರಕ್ಕೆ ಯಾವ ಎಳೆ ಯಾವಾಗ ಏಳಬೇಕೆಂಬುದನ್ನು ಆ ತೂತುಗಳೇ ನೆನಪಿಟ್ಟಿರುತ್ತವೆ. ಇಲಿ ಕಡಿದ ತೂತುಗಳೂ ಪರದೆಯಲ್ಲಿ ಕಲೆಯಾಗಿ ಕಾಣುವುದರಿಂದ ಅಂಥವನ್ನು ಅಳಿಸುವುದು ನಮ್ಮ ರೂಢಿ. ಹೆದರಿಕೆಗೋ ಏನೋ, ಇದನ್ನೂ ಅಳಿಸಿಬಿಟ್ಟೆ.

ಪಕ್ಕದಲ್ಲಿ ಕೂತಿದ್ದ ಶಾಂತವ್ವ ತಟ್ಟನೆ ನನ್ನ ಕೈ ಹಿಡಿದರು. ಅವರು ತಂದಿದ್ದ ಆ ಕಾರ್ಡುಗಳಿಗೆ ತೂತು ಹೊಡೆದವರು ತೀರಿಹೋದ ಅವರ ಗಂಡ.

"ಅದನ್ನ ಅಳಸಬ್ಯಾಡಪಾ ತಮ್ಮಾ. ಅದು ನಮ್ಮ ಕೂಸಿನ ಕಾಲು. ಮಣ್ಣು ಮಾಡೂ ಮುಂಚೆ ನಮ್ಮನಿಯವ್ರು ಅಕಿ ಕಾಲಿಗೆ ಮಸಿ ಹಚ್ಚಿ, ಹಾಳಿ ಮ್ಯಾಲ ಒತ್ತಿಸಿಕೊಂಡಿದ್ರು. ಅದನ್ನ ನೋಡೇ ಈ ತೂತು ಹೊಡದ್ರು."

ಅಳಿಸಿದ್ದನ್ನು ಮರಳಿ ತಂದೆ. ಈ ಕಾರ್ಡುಗಳಿಂದ ಎಷ್ಟು ಸೀರೆ ನೇಯ್ದಿದ್ದರು ಎಂದು ಕೇಳಿದಾಗ, "ಅದ್ಯಾರಿಗೆ ಗೊತ್ತು? ಊರ ಮಂದಿಯೆಲ್ಲಾ ಉಟ್ಟಾರ," ಎಂದರು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ಮೊದಲು ಕೌದಿ ಬಿಡಿಸಿದೆ. ಅವ್ವ ತನ್ನ ಹಳೆಯ ಸೀರೆಗಳನ್ನು ಸೇರಿಸಿ ಹೊಲಿದದ್ದು. ಚಿಕ್ಕಂದಿನಿಂದಲೂ ನಾನು ಹೊದೆಯುತ್ತ ಬಂದದ್ದು. ಸರಿಯಾಗಿ ಎದೆಯ ಮೇಲೆ ಬರುವ ತುಂಡಿನಲ್ಲಿ, ಮಾಸಿದ ಹೂಗಳ ನಡುವೆ, ಆ ಪಾದವಿತ್ತು.